ಗಾಳಿಯ ಸುಂಕ ಯಾರ ಪೆಟ್ಟಿಗೆಗೆ?

ಕುಂದಾಪುರದಿಂದ ಬೈಂದೂರಿಗೆ ಹೋಗುವ ಬಸ್ಸಿನಲ್ಲಿ ಒಂದು ಸಂಜೆ ನನ್ನ ಪಕ್ಕದಲ್ಲಿ ಕುಳಿತಿದ್ದವರು ಗ್ರಾಮ ಪಂಚಾಯಿತಿಯೊಂದರ ಹಳೆಯ ಸದಸ್ಯರು. ಹೆಮ್ಮಾಡಿ ದಾಟುವಾಗ ಹೆದ್ದಾರಿಯ ಬದಿಯಲ್ಲಿ ಗುಡ್ಡವೊಂದನ್ನು ಹೊಸದಾಗಿ ಸಮತಟ್ಟು ಮಾಡಿದ್ದುದು ಕಂಡಿತು. ನಿವೇಶನಗಳಿಗೆ ಕಲ್ಲು ನೆಟ್ಟಿದ್ದರು. ಲಾರಿಗಳು ಹೋದ ದಾರಿಯುದ್ದಕ್ಕೂ ಕೆಂಪು ಧೂಳು ಎದ್ದು ಕಿಟಕಿಯೊಳಗೆ ಬಂದಿತು. ಪರದೇಶದಲ್ಲಿ ಒಂದೆಡೆ ಹೀಗೆ ಹೊಸ ಬಡಾವಣೆ ಎಬ್ಬಿಸುವವರು ಗಾಳಿಯ ಸಲುವಾಗಿಯೇ ಒಂದು ಶುಲ್ಕ ಕಟ್ಟಬೇಕಾಗುತ್ತದೆಂದು ನಾನು ಮಾತಿಗೆ ಹೇಳಿದೆ. ಅವರು ಮೂಗಿಗೆ ಹಿಡಿದಿದ್ದ ಬೈರಾಸನ್ನು ಕೆಳಗಿಳಿಸಿ, "ಹ್ವಾಯ್ ಮೇಷ್ಟ್ರೆ, ಧೂಳ್ ಕುಡಿಯುದ್ ನಮ್ ಊರಿನರ್, ದುಡ್ಡ್ ಹೋಪುದ್ ಬೆಂಗ್ಳೂರಿಗೆ. ಇದ್ ಎಂತಾ ನ್ಯಾಯ?" ಎಂದರು.

ಅವರ ಮಾತಿನಲ್ಲಿ ಕೋಪಕ್ಕಿಂತ ಲೆಕ್ಕವೇ ಹೆಚ್ಚಾಗಿತ್ತು. ಗಾಳಿಗೂ ಸುಂಕವೇ ಎಂದು ಅವರು ನಗಲಿಲ್ಲ. ಸುಂಕ ಯಾರ ಪೆಟ್ಟಿಗೆಗೆ ಬೀಳುತ್ತದೆ ಎಂದು ಮಾತ್ರ ಕೇಳಿದರು. ಆ ಪ್ರಶ್ನೆ ನಮ್ಮ ಸೀಮೆಯಲ್ಲಿ ಹೊಸದಲ್ಲ. ಬಾರಕೂರಿನ ಶಾಸನಗಳ ಕಾಲದಿಂದಲೂ ಅದು ಬೇರೆ ಬೇರೆ ರೂಪದಲ್ಲಿ ನಮ್ಮೊಡನೆ ಇದೆ. ಅದರ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡುವುದು ಈ ಲೇಖನದ ಉದ್ದೇಶ.

ಈಗಿನ ಬ್ರಹ್ಮಾವರ ತಾಲ್ಲೂಕಿನ ಬಾರಕೂರು ಆಳುಪರ ರಾಜಧಾನಿಯಾಗಿದ್ದ ಊರು. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರ. ಕುಂದಾಪುರಕ್ಕೆ ಹತ್ತಿರದ ಬಸರೂರು ಅಕ್ಕಿಯ ವ್ಯಾಪಾರಕ್ಕೆ ಹೆಸರಾದ ಬಂದರು. ಪೋರ್ಚುಗೀಸರು ಅದನ್ನು ಬಾರ್ಸಿಲೋರ್ ಎಂದು ಕರೆದರು. ಈ ಎರಡು ಪಟ್ಟಣಗಳೂ ಕೇರಿಗಳಾಗಿ ಹಂಚಿಹೋಗಿದ್ದವು. ಮೂಡುಕೇರಿ, ಪಡುವಕೇರಿ, ಚೌಳಿಕೇರಿ, ಮಣಿಗಾರಕೇರಿ ಮುಂತಾದ ಹೆಸರುಗಳು ಶಾಸನಗಳಲ್ಲಿವೆ. ಕೆಲವು ಈಗಲೂ ಜನರ ಬಾಯಲ್ಲಿವೆ. ಕೇರಿಯ ವ್ಯವಹಾರ ನೋಡುತ್ತಿದ್ದವರನ್ನು ಶಾಸನಗಳು 'ಹಲರು' ಎಂದು ಹೇಳುತ್ತವೆ. ಹಲರು ಎಂದರೆ ಹಲವರು, ಅಷ್ಟೇ. ಊರಾಳುವವರಿಗೆ ಇದಕ್ಕಿಂತ ಸರಳವಾದ, ಇದಕ್ಕಿಂತ ಘನವಾದ ಹೆಸರು ಇನ್ನೊಂದು ಸಿಕ್ಕೀತೆ? ಪಾದೂರು ಗುರುರಾಜ ಭಟ್ಟರು, ಕೆ. ವಿ. ರಮೇಶರು ಈ ಜಿಲ್ಲೆಯ ಶಾಸನಗಳನ್ನು ಓದಿ ಬರೆದ ಗ್ರಂಥಗಳನ್ನು ನೋಡಿದವರಿಗೆ, ನಮ್ಮ ಹಲರು ಬರಿಯ ಹೆಸರಿಗೆ ಇದ್ದವರಲ್ಲವೆಂಬುದು ತಿಳಿಯುತ್ತದೆ.

ಕನ್ನಡ ನಾಡಿನ ಶಾಸನಗಳಲ್ಲಿ ಗಾಣದೆರೆ ಉಂಟು, ಮಗ್ಗದೆರೆ ಉಂಟು, ಹೇರಿನ ಮೇಲೆ ಸುಂಕ ಉಂಟು. ಗಾಳಿಯ ಮೇಲಿನ ತೆರೆಯನ್ನು ನಾನು ಎಲ್ಲಿಯೂ ಕಂಡಿಲ್ಲ. ಆದರೆ ಒಂದು ಸಂಗತಿ ಗಮನಿಸತಕ್ಕದ್ದು. ಕಸುಬಿನ ಮೇಲೆ ಬಂದ ಆದಾಯವನ್ನು ಅಲ್ಲಿಯ ದೇವಾಲಯದ ನಂದಾದೀಪಕ್ಕೋ ಕೆರೆಗೋ ಛತ್ರಕ್ಕೋ ಬಿಟ್ಟುಕೊಟ್ಟ ದಾಖಲೆಗಳು ಹೇರಳವಾಗಿವೆ. ಅರಸನ ಬೊಕ್ಕಸಕ್ಕೆ ಹೋಗುವ ಭಾಗ ಹೋಗುತ್ತಲೇ ಇತ್ತು. ಅದನ್ನು ಸುವರ್ಣಯುಗವೆಂದು ಬಣ್ಣಿಸುವುದು ಬೇಡ. ಆದರೂ ತೆತ್ತ ಹಣದಲ್ಲಿ ಒಂದು ಪಾಲು ತೆತ್ತವನ ಕಣ್ಣೆದುರಿಗೆ ದೀಪವಾಗಿಯೋ ನೀರಾಗಿಯೋ ತಿರುಗಿ ಬರಬೇಕೆಂಬ ತಿಳಿವಳಿಕೆ ಆ ಕಾಲದಲ್ಲಿ ಇತ್ತು.

1799ರಲ್ಲಿ ಟೀಪುವಿನ ಪತನದ ತರುವಾಯ ಕೆನರಾ ಜಿಲ್ಲೆ ಕಂಪೆನಿಯ ಕೈಗೆ ಬಂದಿತು. 1862ರಲ್ಲಿ ಉತ್ತರ ಭಾಗ ಮುಂಬಯಿ ಪ್ರಾಂತ್ಯಕ್ಕೆ ಹೋದಾಗ ಕುಂದಾಪುರ ತಾಲ್ಲೂಕು ಮದರಾಸಿನಲ್ಲಿಯೇ ಉಳಿಯಿತು. ಬೈಂದೂರಿನ ಉತ್ತರದ ಶಿರೂರು ದಾಟಿದರೆ ಬೇರೆ ಪ್ರಾಂತ್ಯ, ಬೇರೆ ಗವರ್ನರು, ಬೇರೆ ಕಾನೂನು. ಗಾಳಿ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಭಟ್ಕಳಕ್ಕೂ ಬೈಂದೂರಿಗೂ ಒಂದೇ ಸಮನೆ ಬೀಸುತ್ತಿತ್ತು.

ಆ ಕಾಲದಲ್ಲಿಯೇ ನಮ್ಮ ಆಕಾಶಕ್ಕೆ ಹೊಗೆಗೊಳವೆಗಳು ಬಂದುವು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ. 1886ರಲ್ಲಿ ಮಿಶನ್ನಿನದೇ ಇನ್ನೊಂದು ಕಾರ್ಖಾನೆ ಮಲ್ಪೆಯಲ್ಲಿ ಎದ್ದಿತು. ಮುಂದೆ ಈ ಕಸುಬು ಕುಂದಾಪುರದ ಹೊಳೆಗಳ ದಂಡೆಗೂ ಬಂದಿತು. ಪಂಚಗಂಗಾವಳಿಯ ಬದಿಯಲ್ಲಿ ಆವೆಮಣ್ಣು ಧಾರಾಳ. ಮಣ್ಣು ತರುವುದಕ್ಕೆ ದೋಣಿ, ಉರಿಸುವುದಕ್ಕೆ ಕಾಡಿನ ಸೌದೆ, ಸಿದ್ಧವಾದ ಹಂಚನ್ನು ಸಾಗಿಸುವುದಕ್ಕೆ ಮತ್ತೆ ದೋಣಿ. ಹುಲ್ಲಿನ ಮಾಡು ಹೋಗಿ ಹಂಚಿನ ಮಾಡು ಬಂದುದರಿಂದ ಬೇಸಗೆಯ ಬೆಂಕಿಯ ಭಯ ಕಡಮೆಯಾಯಿತು. ಸಾವಿರಾರು ಸಂಸಾರಗಳಿಗೆ ಕೂಲಿ ದೊರೆಯಿತು. ಆ ಹೊಗೆಯನ್ನು ಬರಿದೆ ಶಪಿಸುವುದು ಕೃತಘ್ನತೆಯಾದೀತು.

ನನ್ನ ಬಾಲ್ಯದ ಮನೆ ಹೊಳೆಯ ಈಚೆ ದಡದಲ್ಲಿ. ಹಂಚಿನ ಕಾರ್ಖಾನೆ ಆಚೆ ದಡದಲ್ಲಿ. ಗೂಡಿಗೆ ಬೆಂಕಿ ಹಾಕಿದ ದಿನ ಅಮ್ಮ ಅಂಗಳದಲ್ಲಿ ನಿಂತು ತೆಂಗಿನ ಗರಿ ಯಾವ ಕಡೆಗೆ ಬಾಗುತ್ತದೆಂದು ನೋಡಿ, ಬಟ್ಟೆ ಒಣಹಾಕುವುದೋ ಬೇಡವೋ ಎಂದು ನಿಶ್ಚಯಿಸುತ್ತಿದ್ದಳು. ಹಗಲು ಕಡಲಿನಿಂದ ದಡಕ್ಕೆ, ರಾತ್ರಿ ದಡದಿಂದ ಕಡಲಿಗೆ ಗಾಳಿ ಬೀಸುವುದನ್ನು ನಮ್ಮ ಕಡೆ ಮಕ್ಕಳೂ ಬಲ್ಲರು. ಹಾಯಿದೋಣಿಯ ಮೀನುಗಾರರು ಈ ಲೆಕ್ಕದ ಮೇಲೆಯೇ ಹೋಗಿ ಬರುತ್ತಿದ್ದರು. ಆದಕಾರಣ ಹಗಲು ಹೊತ್ತಿನ ಹೊಗೆಯೆಲ್ಲ ಮೂಡಲಿನ ಮನೆಗಳ ಪಾಲು. ಕಾರ್ಖಾನೆಯ ಲೈಸನ್ಸಿನ ಹಣ ಸಲ್ಲುತ್ತಿದ್ದುದು ಆಚೆ ದಡದ ಪಂಚಾಯಿತಿಗೆ. ಮಸಿ ಬೀಳುತ್ತಿದ್ದುದು ಈಚೆ ದಡದ ಬಟ್ಟೆಗೆ. ನಮ್ಮ ತಲೆಯ ಮೇಲಿದ್ದುದೂ ಅದೇ ಕಾರ್ಖಾನೆಯ ಹಂಚು ಎಂಬುದನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ.

ಲೈಸನ್ಸಿನ ಈ ಪದ್ಧತಿ ಮದರಾಸು ಸರಕಾರದ 1920ರ ಜಿಲ್ಲಾ ಪೌರಸಭೆಗಳ ಮತ್ತು ಸ್ಥಳೀಯ ಬೋರ್ಡುಗಳ ಕಾಯಿದೆಗಳ ಕಾಲದಲ್ಲಿ ಗಟ್ಟಿಯಾಯಿತು. ನೆರೆಹೊರೆಗೆ ಉಪದ್ರವವಾಗತಕ್ಕ ಕಸುಬುಗಳನ್ನು ಪಟ್ಟಿಮಾಡಿ, ಊರಿನ ಸಂಸ್ಥೆಯ ಪರವಾನಗಿಯಿಲ್ಲದೆ ನಡೆಸಕೂಡದೆಂದು ವಿಧಿಸಿದರು. ಕಲ್ಕತ್ತೆಗೆ 1905ರಲ್ಲಿ, ಮುಂಬಯಿಗೆ 1912ರಲ್ಲಿ ಹೊಗೆಯ ಉಪದ್ರವವನ್ನು ತಡೆಯುವ ಪ್ರತ್ಯೇಕ ಕಾಯಿದೆಗಳೇ ಬಂದಿದ್ದುವು. ಸಣ್ಣ ಊರಿನಲ್ಲಿ ಪರವಾನಗಿಯ ಶುಲ್ಕವೇ ಹೊಗೆಯ ಶುಲ್ಕ. ಅದರಲ್ಲಿ ಎರಡು ದೋಷಗಳಿದ್ದುವು. ಶುಲ್ಕ ಹೊಗೆಯ ಪ್ರಮಾಣವನ್ನು ನೋಡುತ್ತಿರಲಿಲ್ಲ. ಹೊಗೆ ಪಂಚಾಯಿತಿಯ ಗಡಿಯನ್ನು ನೋಡುತ್ತಿರಲಿಲ್ಲ. ಆದರೆ ಒಂದು ಗುಣವೂ ಇದ್ದಿತು: ಹಣ ಊರಿನ ಪೆಟ್ಟಿಗೆಯಲ್ಲಿಯೇ ಉಳಿಯುತ್ತಿತ್ತು.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ವಿಶಾಲ ಮೈಸೂರಿಗೆ ಸೇರಿತು. 1974ರಲ್ಲಿ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಸ್ಥಾಪನೆಯಾಯಿತು. 1981ರಲ್ಲಿ ಕೇಂದ್ರದ ವಾಯುಮಾಲಿನ್ಯ ಕಾಯಿದೆ ಬಂದಿತು. ಇದರಿಂದ ಮೊದಲ ದೋಷ ತಕ್ಕಮಟ್ಟಿಗೆ ನೀಗಿತು. ಹೊಗೆಯನ್ನು ಅಳೆಯುವ ಶಾಸ್ತ್ರ ಬಂದಿತು, ಮಿತಿಗಳು ಬಂದುವು. ಗೇರುಬೀಜದ ಕಾರ್ಖಾನೆಗಳ ಹೊಗೆಗೂ 2010ರಲ್ಲಿ ಪ್ರತ್ಯೇಕ ಮಿತಿಯನ್ನು ಗೊತ್ತುಮಾಡಿದರು. ಹುರಿಯುವ ಡ್ರಮ್ಮಿನ ಘಾಟು ಮೂಗಿಗೆ ಬಡಿದವರಿಗೆ ಅದರ ಬೆಲೆ ಗೊತ್ತು. ಆದರೆ ಮಂಡಳಿಯ ಸಮ್ಮತಿ ಪತ್ರಕ್ಕೆ ಉದ್ಯಮಿ ಕಟ್ಟುವ ಶುಲ್ಕ, ಹೂಡಿದ ಬಂಡವಾಳದ ಲೆಕ್ಕದಲ್ಲಿ, ಮಂಡಳಿಗೆ ಸಲ್ಲುತ್ತದೆ. 2006ರ ಕೇಂದ್ರ ಅಧಿಸೂಚನೆಯಂತೆ 20,000 ಚದರ ಮೀಟರಿಗೆ ಮೇಲ್ಪಟ್ಟ ಕಟ್ಟಡಗಳಿಗೆ ಪರಿಸರದ ಅನುಮತಿ ಬೇಕು. ಅದನ್ನು ಕೊಡುವುದೂ ರಾಜ್ಯಮಟ್ಟದ ಪ್ರಾಧಿಕಾರ. ನಮ್ಮ ಊರುಗಳ ಬಡಾವಣೆ, ವಸತಿ ಸಮುಚ್ಚಯಗಳಲ್ಲಿ ಹೆಚ್ಚಿನವು ಆ ಅಳತೆಯನ್ನು ಮುಟ್ಟುವುದೇ ಇಲ್ಲ.

ಸಂವಿಧಾನದಲ್ಲಿಯೂ ಒಂದು ಸ್ವಾರಸ್ಯವಿದೆ. ಪಟ್ಟಣಗಳಿಗಾಗಿ ಸೇರಿಸಿದ ಹನ್ನೆರಡನೆಯ ಅನುಸೂಚಿಯ 18 ವಿಷಯಗಳಲ್ಲಿ ಪರಿಸರದ ರಕ್ಷಣೆ ಒಂದು. ಹಳ್ಳಿಗಳಿಗಾಗಿ ಸೇರಿಸಿದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಮೀನುಗಾರಿಕೆ ಇದೆ, ಗ್ರಂಥಾಲಯ ಇದೆ, ಸಂತೆ ಜಾತ್ರೆಗಳಿವೆ, ಪರಿಸರವೆಂಬ ಮಾತಿಲ್ಲ. ಹೀಗಾಗಿ ಕುಂದಾಪುರ ಪುರಸಭೆಯ ಗಾಳಿಗೆ ಸಂವಿಧಾನದಲ್ಲಿ ಒಂದು ಸ್ಥಾನವಿದೆ. ಅದೇ ಗಾಳಿ ಗಡಿ ದಾಟಿ ಗ್ರಾಮ ಪಂಚಾಯಿತಿಗೆ ಹೋದೊಡನೆ ಅನಾಥ!

ಮನೆಕಂದಾಯದ ರಸೀತಿಯನ್ನು ಬಿಡಿಸಿ ನೋಡಿದರೂ ಇದೇ ಕಥೆ. ಅಲ್ಲಿ ಆರೋಗ್ಯದ ಕರ, ಗ್ರಂಥಾಲಯದ ಕರ, ಭಿಕ್ಷುಕರ ಪರಿಹಾರದ ಕರ ಕಾಣುತ್ತವೆ. ಹೊಸ ಬಡಾವಣೆಗೆ ಅನುಮತಿ ಕೊಡುವಾಗ ನೀರು ಸರಬರಾಜು, ವರ್ತುಲ ರಸ್ತೆ, ಕೊಳೆಗೇರಿಗಳ ಸುಧಾರಣೆ, ಸಾಮೂಹಿಕ ಸಾರಿಗೆ ಎಂಬ ಬಾಬುಗಳಿಗಾಗಿ ಕರ ಮತ್ತು ಅಧಿಭಾರ ಹಾಕುವುದಕ್ಕೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ಯೋಜನಾ ಪ್ರಾಧಿಕಾರಕ್ಕೆ ಅಧಿಕಾರವಿತ್ತಿದೆ. ನೀರಿಗೆ ಬಾಬುಂಟು, ರಸ್ತೆಗೆ ಬಾಬುಂಟು, ಗಾಳಿಗೆ ಇಲ್ಲ. ಮನೆಯೇನೂ ಹೊಗೆ ಉಗುಳುವುದಿಲ್ಲ ನಿಜ. ಆದರೆ ನೂರು ಮನೆಗಳೆದ್ದರೆ ಜಲ್ಲಿ ಹೇರಿದ ಲಾರಿಗಳು ಬರುತ್ತವೆ, ಆಮೇಲೆ ಕಾರು ಬೈಕುಗಳು ಬರುತ್ತವೆ, ಕರೆಂಟು ಹೋದಾಗ ಜನರೇಟರು ಗುಡುಗುತ್ತದೆ, ಕಸಕ್ಕೆ ಯಾರೋ ಬೆಂಕಿ ಇಡುತ್ತಾರೆ. ಹಂಚಿನ ಗೂಡಿಗೆ ಒಂದು ಹೊಗೆಗೊಳವೆ ಇದ್ದಿತು, ಬೆರಳಿಟ್ಟು ತೋರಿಸಬಹುದಾಗಿತ್ತು. ಬಡಾವಣೆಯ ಹೊಗೆಗೆ ಸಾವಿರ ಬಾಯಿ.

ಇಷ್ಟಾದ ಮೇಲೆ, ಶುಲ್ಕ ಹಾಕಿದರೆ ಅದು ನ್ಯಾಯವಾಗುವುದು ಯಾವಾಗ? ಈ ಪ್ರಶ್ನೆಗೆ ಭಾರತದ ಅತಿ ಪ್ರಸಿದ್ಧ ಉತ್ತರ ಹೊರಟುದು ನಮ್ಮ ಜಿಲ್ಲೆಯಿಂದಲೇ. ಬೈಂದೂರಿನ ಆಚೆಯ ಶಿರೂರು ಬೇರೆ. ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠ ಬೇರೆ. ಆ ಮಠದ ಶ್ರೀ ಲಕ್ಷ್ಮೀಂದ್ರತೀರ್ಥ ಸ್ವಾಮಿಗಳು ಮದರಾಸು ಸರಕಾರದ 1951ರ ಧರ್ಮಾದಾಯ ಕಾಯಿದೆಯನ್ನು ಪ್ರಶ್ನಿಸಿದ ಮೊಕದ್ದಮೆ 1954ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರು ತೀರ್ಪನ್ನು ಬರೆದರು. ಧಾರ್ಮಿಕ ಸಂಸ್ಥೆಗಳು ತಮ್ಮ ಆದಾಯದಿಂದ ಇಲಾಖೆಗೆ ವರ್ಷವರ್ಷವೂ ಕೊಡಬೇಕೆಂದಿದ್ದ ವಂತಿಗೆಯನ್ನು ಸರಕಾರ ಶುಲ್ಕವೆಂದು ವಾದಿಸಿತು. ನ್ಯಾಯಾಲಯ ಒಪ್ಪಲಿಲ್ಲ. ಆ ಹಣ ಸರಕಾರದ ಸಾಮಾನ್ಯ ಬೊಕ್ಕಸಕ್ಕೆ ಸೇರುತ್ತಿತ್ತು. ಸಲ್ಲಿಸಿದ ಸೇವೆಯ ವೆಚ್ಚಕ್ಕೂ ಅದಕ್ಕೂ ಸಂಬಂಧ ಕಲ್ಪಿಸಿರಲಿಲ್ಲ. ಹಾಗಿದ್ದ ಮೇಲೆ ಅದು ಶುಲ್ಕವಲ್ಲ, ತೆರಿಗೆ; ಅಂಥ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿಲ್ಲ ಎಂದಿತು.

ಕನ್ನಡ ಪಾಠ ಹೇಳುವವನಿಗೆ ಇಲ್ಲಿ ಒಂದು ಕೌತುಕ. ನಮ್ಮ 'ಸುಂಕ' ಸಂಸ್ಕೃತದ 'ಶುಲ್ಕ'ದ ತದ್ಭವ. ಎರಡೂ ಒಂದೇ ಮಾತು. 'ತೆರಿಗೆ' ಮಾತ್ರ 'ತೆರು' ಎಂಬ ನಮ್ಮದೇ ಧಾತುವಿನಿಂದ ಹುಟ್ಟಿದ್ದು. ತೆತ್ತರೆ ಮುಗಿಯಿತು, ಮರಳಿ ಕೇಳುವಂತಿಲ್ಲ. ಶುಲ್ಕ ಹಾಗಲ್ಲ. ಅದನ್ನು ಪ್ರತ್ಯೇಕವಾಗಿಡಬೇಕು, ಕೊಟ್ಟವರಿಗೆ ಅದರಿಂದ ಏನಾದರೂ ಆಗಬೇಕು. ಮುಂದಿನ ತೀರ್ಪುಗಳು ಈ ನಿಯಮವನ್ನು ಬಹಳ ಸಡಿಲಿಸಿದುವು. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಕಾಸಿಗೆ ಕಾಸು ಹೊಂದಬೇಕಾಗಿಲ್ಲವೆಂದುವು. ಆದರೂ ಮೂಲದ ತಿರುಳು ಉಳಿದಿದೆ. ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದವರು ಕೇಳಿದ್ದೂ ಅದನ್ನೇ, ಕುಂದಾಪುರದ ಕನ್ನಡದಲ್ಲಿ.

ಮೊದಲೇ ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೂ ದೂರ ಹೋಗಬೇಕಾಗಿಲ್ಲ. ಬ್ರಹ್ಮಾವರದಿಂದ ದಕ್ಷಿಣಕ್ಕೆ, ಪಡುಬಿದ್ರಿಯ ಸಮೀಪದ ಯೆಲ್ಲೂರಿನಲ್ಲಿ ಹೊರದೇಶದ ಕಲ್ಲಿದ್ದಲನ್ನು ಉರಿಸುವ 1,200 ಮೆಗಾವಾಟಿನ ವಿದ್ಯುತ್ ಸ್ಥಾವರವಿದೆ. ಮೊದಲ ಘಟಕ 2010ರಲ್ಲಿ, ಎರಡನೆಯದು 2012ರಲ್ಲಿ ಕೆಲಸ ಆರಂಭಿಸಿದುವು. ಹಾರುಬೂದಿ, ಉಪ್ಪುನೀರು, ಬೆಳೆಗಳ ನಷ್ಟ ಎಂದು ಸುತ್ತಣ ಜನ ವರ್ಷಗಟ್ಟಲೆ ಹೋರಾಡಿದರು. ರಾಷ್ಟ್ರೀಯ ಹಸಿರು ನ್ಯಾಯಮಂಡಲಿ 2019ರಲ್ಲಿ 5 ಕೋಟಿ ರೂಪಾಯಿಗಳ ಮಧ್ಯಂತರ ಪರಿಹಾರವನ್ನೂ 2022ರ ಮೇ ತಿಂಗಳಲ್ಲಿ ಸುಮಾರು 52 ಕೋಟಿ ರೂಪಾಯಿಗಳ ಪರಿಹಾರವನ್ನೂ ವಿಧಿಸಿತು. ಮೊದಲ ಘಟಕ ಆರಂಭವಾದ ಹನ್ನೆರಡನೆಯ ವರ್ಷ ಅದು. ಪೈರು ಬಾಡಿದ ಮೇಲೆ ಕಟ್ಟುವ ದಂಡಕ್ಕೂ, ಬೀಜ ಬಿತ್ತುವ ಮೊದಲೇ ತೆಗೆದಿಡುವ ಶುಲ್ಕಕ್ಕೂ ಅಂತರವಿಲ್ಲವೆ?

ಈ ಅಂತರವನ್ನು ಅರಿತು ನಡೆದ ಎರಡು ಕಡೆಗಳನ್ನು ಹೇಳುತ್ತೇನೆ. ಒಂದು ದೆಹಲಿ. 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ರಾಜಧಾನಿಯನ್ನು ಪ್ರವೇಶಿಸುವ ಸರಕು ವಾಹನಗಳ ಮೇಲೆ, ಹಗುರವಾದವಕ್ಕೆ 700, ಭಾರಿಯಾದವಕ್ಕೆ 1,300 ರೂಪಾಯಿಗಳಂತೆ, ಪರಿಸರ ಪರಿಹಾರ ಶುಲ್ಕವನ್ನು ವಿಧಿಸಿತು. ಇನ್ನೊಂದು, ನಾನು ಬಸ್ಸಿನಲ್ಲಿ ಹೇಳಿದ್ದು, ಅಮೆರಿಕದ ಕ್ಯಾಲಿಫೋರ್ನಿಯದ ಸಾನ್ ವಾಕೀನ್ ಕಣಿವೆ. ಬೆಟ್ಟಗಳ ನಡುವಿನ ಆ ಬೇಸಾಯದ ಸೀಮೆಯಲ್ಲಿ ಎಂಟು ಕೌಂಟಿಗಳಿವೆ, ನಮ್ಮ ಜಿಲ್ಲೆಗಳಂಥವು. ಮನೆ ಕಟ್ಟಲು ಅನುಮತಿ ಕೊಡುವವರು ಆಯಾ ಊರಿನವರು. ಕೆಟ್ಟ ಗಾಳಿ ಮಾತ್ರ ಕಣಿವೆಗೆಲ್ಲ ಒಂದೇ. 2005ರ ಡಿಸೆಂಬರಿನಲ್ಲಿ ಅಲ್ಲಿಯ ಪ್ರಾದೇಶಿಕ ವಾಯು ಮಂಡಳಿ ಒಂದು ನಿಯಮ ಮಾಡಿತು. 50 ಅಥವಾ ಅದಕ್ಕೆ ಮೇಲ್ಪಟ್ಟು ಮನೆಗಳನ್ನು ಕಟ್ಟುವವನು ತನ್ನ ಯೋಜನೆಯಿಂದ ಹುಟ್ಟುವ ಮಾಲಿನ್ಯವನ್ನು ಮೊದಲೇ ಲೆಕ್ಕಹಾಕಬೇಕು. ಕಾಲುದಾರಿ, ಶುದ್ಧ ಯಂತ್ರ ಮುಂತಾದುವುಗಳಿಂದ ಸ್ಥಳದಲ್ಲಿಯೇ ಅದನ್ನು ತಗ್ಗಿಸಿದರೆ ಸರಿ, ಉಳಿದುದಕ್ಕೆ ಶುಲ್ಕ. ಆ ಹಣದಿಂದ ಕಣಿವೆಯ ಬೇರೆ ಕಡೆಯ ಮಾಲಿನ್ಯವನ್ನು, ಉದಾಹರಣೆಗೆ ಹಳೆಯ ಡೀಸೆಲ್ ಎಂಜಿನುಗಳನ್ನು ಬದಲಾಯಿಸಿ, ಇಳಿಸಬೇಕು. ಗೃಹನಿರ್ಮಾಪಕರ ಸಂಘ ನ್ಯಾಯಾಲಯಕ್ಕೆ ಹೋಯಿತು. 2010ರಲ್ಲಿ ಮೇಲಿನ ಕೋರ್ಟು ನಿಯಮವನ್ನು ಎತ್ತಿಹಿಡಿಯಿತು. ಆ ಮಂಡಳಿಯಲ್ಲಿ ಕುಳಿತಿರುವವರಲ್ಲಿ ಹೆಚ್ಚಿನವರು ಅದೇ ಕೌಂಟಿ, ಪಟ್ಟಣಗಳಿಂದ ಚುನಾಯಿತರಾದ ಪ್ರತಿನಿಧಿಗಳು ಎಂಬುದು ಮುಖ್ಯ. ಹೇಳಬೇಕೆಂದರೆ, ಅವರೂ ಹಲರೇ.

ನಮ್ಮ ಊರಿನ ಸಂಸ್ಥೆಗಳವರು ಇಂಥ ಶುಲ್ಕಕ್ಕೆ ಹೇಳಬಹುದಾದ ಆಕ್ಷೇಪಗಳು ಮೂರು, ಮೂರೂ ತೂಕವುಳ್ಳವು. ಹಣ ಮೇಲಕ್ಕೆ ಹೋಗಿ ಅಲ್ಲಿಯೇ ಕರಗುತ್ತದೆ ಎಂಬುದು ಒಂದು. ಅದಕ್ಕೆ ಶಿರೂರು ಮಠದ ತೀರ್ಪೇ ಉತ್ತರ: ಪ್ರತ್ಯೇಕ ಖಾತೆ, ಗೊತ್ತಾದ ಕೆಲಸ. ನಾವು ಶುಲ್ಕ ಹಾಕಿದರೆ ಕಟ್ಟುವವನು ಪಕ್ಕದ ಪಂಚಾಯಿತಿಗೆ ಓಡುತ್ತಾನೆ ಎಂಬುದು ಎರಡನೆಯದು. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರಕ್ಕೂ ಒಂದೇ ದರವಾದರೆ ಓಡುವುದೆಲ್ಲಿಗೆ? ನಾಲ್ಕು ಸೆಂಟ್ಸಿನಲ್ಲಿ ಸಾಲ ಮಾಡಿ ಮನೆ ಕಟ್ಟುವ ಬಡವನಿಗೆ ಇನ್ನೊಂದು ಹೊರೆ ಎಂಬುದು ಮೂರನೆಯದು. ಅವನನ್ನು ಮುಟ್ಟಕೂಡದು. ಐವತ್ತು ಮನೆಗಳ ಮಿತಿ ಇರುವುದು ಅದಕ್ಕಾಗಿಯೇ.

ಹಾಗಾದರೆ ಮೂರು ತಾಲ್ಲೂಕುಗಳ ಪರವಾಗಿ ಕುಳಿತು ತೀರ್ಮಾನಿಸುವವರು ಯಾರು? ಹೊಸ ಮಂಡಳಿ ಬೇಕಾಗಿಲ್ಲ. ಪಂಚಾಯಿತಿಗಳಿಗೂ ಪುರಸಭೆಗಳಿಗೂ ಸಮಾನವಾದ ವಿಷಯಗಳನ್ನು, ನೈಸರ್ಗಿಕ ಸಂಪತ್ತಿನ ಹಂಚಿಕೆಯನ್ನು, ಪರಿಸರದ ಸಂರಕ್ಷಣೆಯನ್ನು ಗಮನದಲ್ಲಿಟ್ಟು ಜಿಲ್ಲೆಯ ಯೋಜನೆಯನ್ನು ರೂಪಿಸುವುದಕ್ಕೆ ಪ್ರತಿ ಜಿಲ್ಲೆಗೂ ಒಂದು ಯೋಜನಾ ಸಮಿತಿ ಇರಬೇಕೆಂದು ಸಂವಿಧಾನವೇ ಹೇಳಿದೆ. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಚುನಾಯಿತರಿಂದಲೇ ಆರಿಸಿ ಬರತಕ್ಕವರು. ಹನ್ನೊಂದನೆಯ ಅನುಸೂಚಿ ಮರೆತ ಗಾಳಿಯನ್ನು ಈ ವಿಧಿ ಹಿಂಬಾಗಿಲಿನಿಂದ ಒಳಕ್ಕೆ ಬಿಟ್ಟಿದೆ ಎನ್ನಬಹುದು. ದುಃಖದ ಮಾತೆಂದರೆ, ಈ ಸಮಿತಿಗೆ ಸದಸ್ಯರನ್ನು ಕಳುಹಿಸಬೇಕಾದ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಬಳಿಕ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹಲರು ಕುಳಿತುಕೊಳ್ಳಬೇಕಾದ ಜಗಲಿ ಬರಿದಾಗಿತ್ತು.

ನಮ್ಮ ಗಾಳಿ ಇನ್ನೂ ಒಳ್ಳೆಯದಿರುವಾಗ ಈ ಚಿಂತೆ ಏಕೆಂದು ಕೆಲವರು ಕೇಳಿಯಾರು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆರಿಸಿದ ನಗರಗಳು ನಾಲ್ಕು: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಕರಾವಳಿಯ ಊರು ಒಂದೂ ಇಲ್ಲ. ಕೆಟ್ಟವರಿಗೆ ಔಷಧದ ಹಣವುಂಟು. ಕೆಡದೆ ಉಳಿದವರಿಗೆ ಏನೂ ಇಲ್ಲ. ಬೈಂದೂರು, ಬ್ರಹ್ಮಾವರಗಳು ತಾಲ್ಲೂಕುಗಳಾಗಿ ಕೆಲಸ ಆರಂಭಿಸಿದುದು 2018ರಲ್ಲಿ. ಕಚೇರಿಗಳು ಬಂದುವು, ಅವುಗಳ ಬೆನ್ನಿಗೆ ಬಡಾವಣೆಗಳು ಬರುತ್ತಿವೆ. ಶುಲ್ಕದ ಮಾತಾಡುವುದಕ್ಕೆ ಸಕಾಲವೆಂದರೆ ಇದೇ, ಗುಡ್ಡ ಕಡಿಯುವ ಮೊದಲು.

ಅಂದು ಬಸ್ಸು ಮರವಂತೆಗೆ ಬಂದಾಗ ಒಂದು ಕಡೆ ಕಡಲು, ಒಂದು ಕಡೆ ಸೌಪರ್ಣಿಕಾ ಹೊಳೆ. ಪಕ್ಕದವರು ಬೈರಾಸನ್ನು ಹೆಗಲಿಗೆ ಹಾಕಿಕೊಂಡು ಕಿಟಕಿಯ ಹೊರಗೆ ಮುಖ ಮಾಡಿದರು. ಧೂಳಿರಲಿಲ್ಲ, ಉಪ್ಪಿನ ಗಾಳಿ ಬೀಸುತ್ತಿತ್ತು. ಇಳಿಯುವ ಮೊದಲು, "ಪೆಟ್ಗಿ ನಮ್ಮೂರಂಗೆ ಇರತ್ತಂದ್ರೆ ನಂದೊಂದ್ ಕೈ ಇತ್ತ್ ಮೇಷ್ಟ್ರೆ" ಎಂದರು. ಕೈ ಎತ್ತುವುದಕ್ಕೆ ಅವರು ಸಿದ್ಧ. ಎತ್ತುವಂಥ ಸಭೆಯೊಂದು ಮೊದಲು ಕೂಡಬೇಕು.